ತಂಗೂಸಿ ದಾರ

‘ನಾಗಲಕ್ಷ್ಮಿ, ನಿಮ್ಮಣ್ಣ ಮಾದೇಶನಿಗೆ ಹಕ್ಕಿ ಅಂದರೆ ಪ್ರಾಣ’ ಎಂದು ನಮ್ಮೂರು ಹಂಗಳದಲ್ಲಿ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರಾಣವೇ ಹೌದು, ಫೋನಿನೊಳಗಿನ ಹಕ್ಕಿಯಾದರೆ.

ಆ ಹಕ್ಕಿಯನ್ನು ಮನೆಗೆ ತಂದವಳೂ ನಾನೇ. ಗುಂಡ್ಲುಪೇಟೆಯಲ್ಲಿ ನಾನು ಕೆಲಸಕ್ಕಿರುವ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ತಿರುವುತ್ತಿದ್ದಾಗ ಸಿಕ್ಕಿತ್ತು. ಯಾವುದೋ ಚಳಿದೇಶ, ಮರದ ತುದಿಯಲ್ಲಿ ಮೀನುಹದ್ದಿನ ಗೂಡು, ಎದುರಿಗೊಂದು ಕ್ಯಾಮೆರಾ, ಹಗಲೆಲ್ಲ ಲೈವ್. ಬಿಳಿ ಹೊಟ್ಟೆ, ಕಣ್ಣಿಂದ ಕತ್ತಿನವರೆಗೆ ಕಾಡಿಗೆ ತೀಡಿದಂಥ ಪಟ್ಟೆ. ಚಳಿಗಾಲದಲ್ಲಿ ನಮ್ಮೂರ ಕೆರೆಯ ಒಣಮರದ ಮೇಲೆ ಬಂದು ಕೂರುವುದೂ ಇದೇ ಜಾತಿ.

ಹೋದ ಏಪ್ರಿಲಿನಿಂದ ಮನೆಯಲ್ಲಿ ಧಾರಾವಾಹಿ ನೋಡುವುದು ನಿಂತೇಹೋಯಿತು. ಸಂಜೆ ಅಣ್ಣ, ಅತ್ತಿಗೆ ವನಿತಾ, ನಾನು, ಮೂವರೂ ಜಗಲಿಯಲ್ಲಿ ಕೂತು ಗೂಡು ನೋಡುವುದು. ಮೂರು ಮೊಟ್ಟೆ, ಮೂರು ಮರಿ. ಗಂಡುಹಕ್ಕಿ ಮೀನಿನ ತಲೆಯನ್ನು ತಾನು ತಿಂದು ಮಿಕ್ಕದ್ದನ್ನು ಗೂಡಿಗೆ ತಂದರೆ ಅತ್ತಿಗೆ ಅಣ್ಣನ ಕಡೆ ನೋಡಿ ನಗುತ್ತಿದ್ದಳು. ದೊಡ್ಡ ಮರಿಗಳು ಚಿಕ್ಕದನ್ನು ಕುಕ್ಕಿದರೆ ಅಣ್ಣ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಆಗಸ್ಟಿನಲ್ಲಿ ತಾಯಿ ಮೊದಲು ಹೊರಟಿತು. ಆಮೇಲೆ ಮರಿಗಳು, ಕೊನೆಗೆ ಗಂಡು. ಒಂದೊಂದೂ ಒಂಟಿಯಾಗಿ ಆಫ್ರಿಕಾಕ್ಕೆ ಹೋಗುತ್ತವಂತೆ. ಗೂಡು ಖಾಲಿಯಾದ ದಿನ ಅಣ್ಣ ಕಣ್ಣೊರೆಸಿಕೊಂಡ.

ಅದೇ ಅಣ್ಣ ಊರ ಕೆರೆಯ ಮೀನು ಗುತ್ತಿಗೆ ಹಿಡಿದು ಕಟ್ಲಾ, ರೋಹು ಮರಿ ಬಿಟ್ಟ. ನೀರುಕಾಗೆ ತಿನ್ನುತ್ತವೆ ಎಂದು ಕೆರೆಯ ಒಂದು ಮೂಲೆಗೆ ಬಿದಿರಿನ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ತಂಗೂಸಿ ದಾರ ಎಳೆದ. ಗಾಳಕ್ಕೆ ಕಟ್ಟುವ ದಾರ ಅದು, ನೀರಿನ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಮೀನುಹದ್ದು ಬರುವ ಕಾಲವಾಯಿತು, ಎದ್ದು ಕಾಣುವ ಬಲೆಯನ್ನಾದರೂ ಹಾಕು ಎಂದು ಬಾಯಿ ಬಡಿದುಕೊಂಡೆ. ನೋಡೋಣ ಅಂದ, ನೋಡಲಿಲ್ಲ.

ಕಾರ್ತಿಕದ ಒಂದು ಭಾನುವಾರ ಬೆಳಗ್ಗೆ ನಾನು ಕೆರೆಯಲ್ಲಿ ಕಂಬಳಿ ಒಗೆಯುತ್ತಿದ್ದೆ. ಹಕ್ಕಿ ಬಂದು ಎರಡು ದಿನವಾಗಿತ್ತಷ್ಟೆ. ಒಣಮರದಿಂದ ಎದ್ದು, ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ ನೀರಿಗೆ ಬಿತ್ತು. ಮತ್ತೆ ಏಳಲಿಲ್ಲ. ರೆಕ್ಕೆ ದಾರಕ್ಕೆ ಸಿಕ್ಕಿತ್ತು, ತಲೆ ನೀರಲ್ಲಿ ಮುಳುಗಿ ಮುಳುಗಿ ಏಳುತ್ತಿತ್ತು. ನಾನು ಎದೆಮಟ್ಟದವರೆಗೆ ನೀರಿಗಿಳಿದೆ. ಅಲ್ಲಿಂದ ಮುಂದೆ ಆಳ, ನನಗೆ ಈಜು ಬರುವುದಿಲ್ಲ. ಅಣ್ಣ ಹತ್ತಿರದಲ್ಲೇ ತೆಪ್ಪದಲ್ಲಿದ್ದ. ತೆಪ್ಪದಲ್ಲಿ ಅವನ ಕಾಲ ಬಳಿಯೇ ಹುಲ್ಲು ಕುಯ್ಯುವ ಕುಡ್ಲು ಬಿದ್ದಿತ್ತು. ದಾರ ಕುಯ್ಯಣ್ಣ ಎಂದು ಕೂಗಿಕೊಂಡೆ.

"ಕುಯ್ದ್ರೆ ದಾರೆಲ್ಲ ಸಡ್ಲಾಯ್ತದೆ ಕಣಮ್ಮಿ. ತಡಿ, ಗಂಟ್ ಬಿಚ್ತೀನಿ" ಅಂದ.

ತೆಪ್ಪವನ್ನು ಹಕ್ಕಿಯ ಕಡೆಗಲ್ಲ, ಗೂಟದ ಕಡೆಗೆ ತಿರುಗಿಸಿದ. ನೆನೆದ ತಂಗೂಸಿಯ ಗಂಟು ಉಗುರಿಗೆ ಸಿಗುತ್ತದೆಯೇ? ಹಲ್ಲು ಹಾಕಿ ಎಳೆದ. ಒಂದು ಗೂಟ ಆಯಿತು, ಇನ್ನೊಂದಕ್ಕೆ ಹೋದ. ದಾರ ಕಳಚಿ ಹಕ್ಕಿಯನ್ನು ತೆಪ್ಪಕ್ಕೆ ಎತ್ತಿ ಹಾಕುವಾಗ ಅದರ ಕತ್ತು ಜೋತುಬಿದ್ದಿತ್ತು. ದಾರ ಮಾತ್ರ ಒಂದೆಳೆಯೂ ಹಾಳಾಗಲಿಲ್ಲ.

ಮಾರನೆಯ ದಿನ ಅದೇ ದಾರವನ್ನು ಅದೇ ಗೂಟಗಳಿಗೆ ಕಟ್ಟಿದ. ಏರಿಯ ಮೇಲೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಅವನು ಸಮಾಧಾನ ಹೇಳುವವನ ಹಾಗೆ ಅಂದ:

"ನಾವ್ ನೋಡ್ತಿದ್ದವು ಆಫ್ರಿಕಕ್ಕೆ ಓದ್ವಲ್ಲಮ್ಮಿ. ಇದು ಯಾವ್ದೋ ಬ್ಯಾರೆ."

ಊರಿಗೆ ಉಪಕಾರಿ, ಮನೆಗೆ ಮಾರಿ. ಆ ದಾರ ತೆಗೆಯುವವರೆಗೆ ನಿನ್ನ ಹತ್ತಿರ ಮಾತಿಲ್ಲ ಎಂದು ಹೇಳಿ ಮಾತು ಬಿಟ್ಟೆ. ಸಂಕ್ರಾಂತಿಯಲ್ಲಿ ಅವನ ಎದುರಿಗೇ ಅತ್ತಿಗೆ ನನ್ನ ಕೈಗೆ ಎಳ್ಳುಬೆಲ್ಲ ಹಾಕಿ, ತಿಂದು ಒಳ್ಳೆ ಮಾತಾಡು ಅಂದಳು. ತಿಂದೆ, ಮಾತಾಡಲಿಲ್ಲ.

ಈ ಏಪ್ರಿಲಿನಲ್ಲಿ ಗೂಡು ಮತ್ತೆ ಲೈವ್ ಆಯಿತು. ಹೆಣ್ಣು ಬಂದು ಕಡ್ಡಿ ಜೋಡಿಸತೊಡಗಿತು. ಗಂಡು ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಹೆಣ್ಣು ಗೂಡಿನ ಅಂಚಿನಲ್ಲಿ ಕೂತು ಮೇಲೆ ನೋಡುವುದು, ಮತ್ತೆ ಒಂದು ಕಡ್ಡಿ ಸರಿಮಾಡುವುದು. ಅಣ್ಣ ಕೆರೆಯಿಂದ ಬಂದವನೇ, ಕಾಲು ತೊಳೆಯುವುದಕ್ಕೂ ಮುಂಚೆ, ಗಂಡು ಬಂತಾ ಎಂದು ಅತ್ತಿಗೆಯನ್ನು ಕೇಳುತ್ತಿದ್ದ. ಮೂರನೆಯ ವಾರ ತಡೆಯಲಾರದೆ ನನ್ನನ್ನೇ ಕೇಳಿದ.

"ಎಲ್ಲೋಗಿರ್ಬೋದು ನಾಗೂ ಅದು?"

ಐದು ತಿಂಗಳ ಮೇಲೆ ಅವನೊಡನೆ ಬಾಯಿ ಬಿಟ್ಟೆ.

"ದಾರೀಲಿ ಯಾರ್ದೋ ಕೆರೆ ಸಿಕ್ಕಿರ್ತದೆ ಕಣಣ್ಣ. ಅವ್ನೂ ಗಂಟ್ ಬಿಚ್ತಾ ಇರ್ತಾನೆ."

ಅಣ್ಣ ಫೋನನ್ನು ಜಗಲಿಯ ಮೇಲಿಟ್ಟು ಎದ್ದು ಹೋದ. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದು, ತಂಗೂಸಿಯ ಕಂತೆಯೊಂದನ್ನು ನನ್ನ ಮುಂದೆ ಹಾಕಿದ. ಎಲ್ಲ ತುಂಡುತುಂಡು. ಒಂದು ಗಂಟನ್ನೂ ಬಿಚ್ಚಿರಲಿಲ್ಲ, ಕುಡ್ಲಲ್ಲಿ ಕುಯ್ದು ತಂದಿದ್ದ. ಕೈ ತೊಳೆಯಲು ಹಿತ್ತಲಿಗೆ ಹೋದ. ಇನ್ನಾದರೂ ಸಿಟ್ಟು ಬಿಡು ಎಂದು ಅತ್ತಿಗೆ ನನ್ನ ಹೆಗಲು ಮುಟ್ಟಿದಳು.

ಸಿಟ್ಟು ಇಳಿಯುವುದಿರಲಿ, ಇನ್ನೂ ಏರಿತು. ಇಷ್ಟು ಸುಲಭವಿತ್ತಲ್ಲ ಅನ್ನಿಸಿ ಅಳುವೂ ಬಂತು.

"ಆ ಕುಡ್ಲು ಅವತ್ತೂ ತೆಪ್ಪದಲ್ಲೇ ಇತ್ತಲ್ಲ ಅತ್ಗೆ" ಅಂದೆ.