ಹೀಟ್ ಬಾಡಿ

ಅರಸೀಕೆರೆಯ ಶಾಂತಾದೇವಿ ಕಲ್ಯಾಣ ಮಂಟಪ ನಡೆಸತೊಡಗಿ ಹದಿನೆಂಟು ವರ್ಷ. ಬೀಗರು ಉಪ್ಪಿಟ್ಟಿಗೆ ಮುನಿಸಿಕೊಂಡಿದ್ದನ್ನು ನೋಡಿದ್ದಳು, ಚಾಪೆಗೆ ಮುನಿಸಿಕೊಂಡಿದ್ದನ್ನೂ ನೋಡಿದ್ದಳು. ಸ್ನಾನದ ನೀರಿಗೆ ಮುನಿಸಿಕೊಂಡವರನ್ನು ನೋಡಿದ್ದು ಇದೇ ಮೊದಲು.

ತಪ್ಪು ಅವಳದೇ ಎನ್ನಬೇಕು. ಮಂಟಪದ ಎಂಟು ಗೀಸರುಗಳನ್ನು ಕೀಳಿಸಿ ಹಿತ್ತಲಲ್ಲಿ ಒಂದು ಹೀಟ್ ಪಂಪ್ ಕೂರಿಸಿದವಳು ಅವಳೇ. "ಬೀಗರ ಬೆನ್ನು ಬಿಸಿಯಾಗೋಕೆ ರಾಯಚೂರಲ್ಲಿ ಕಲ್ಲಿದ್ದಲು ಯಾಕ್ರೀ ಸುಡಬೇಕು? ಇದು ಗಾಳಿಯಲ್ಲಿರೋ ಬಿಸೀನೇ ಎಳೆದು ನೀರಿಗೆ ಹಾಕುತ್ತೆ. ಕರೆಂಟು ಮೂರರಲ್ಲಿ ಒಂದು ಪಾಲು ಸಾಕು" ಎಂದು ಗಂಡ ಗಂಗಾಧರಯ್ಯನ ತಲೆ ತಿಂದಿದ್ದಳು. ಕೊಬ್ಬರಿ ವ್ಯಾಪಾರದ ಗಂಗಾಧರಯ್ಯ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮೊದಲ ಮದುವೆಯಲ್ಲಿ ಒಬ್ಬ ಬೀಗ ಗೊಣಗಿದರೂ ಗೀಸರು ವಾಪಸ್. ಕಿತ್ತ ಗೀಸರುಗಳನ್ನು ಗುಜರಿಗೆ ಹಾಕಲೂ ಬಿಡದೆ ಮೆಟ್ಟಿಲ ಕೆಳಗೆ ಸಾಲಾಗಿ ಇಡಿಸಿದ್ದ.

ಆ ಮೊದಲ ಮದುವೆ ಇವತ್ತು, ಏಪ್ರಿಲ್ ಸೆಕೆಯಲ್ಲಿ. ಗಂಡಸಿ ಊರಿಂದ ಬಂದು ಬೆಳಗ್ಗೆ ಬಸ್ಸಿಳಿದ ಗಂಡಿನ ಕಡೆಯವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನದ ಮನೆ ಮುಂದೆ ಕುಳಿತವರು ಏಳಲೇ ಇಲ್ಲ. ಅವರ ಮುಂದಾಳು ಗಂಡಿನ ದೊಡ್ಡಪ್ಪ ಕೃಷ್ಣಪ್ಪ. ಹಿತ್ತಲಿಗೆ ಹೋಗಿ ಮಿಷನ್ನಿನ ಮೇಲಿನ ಹೆಸರು ಓದಿಕೊಂಡು ಬಂದಿದ್ದ.

"ನಂದು ಮೊದ್ಲೇ ಹೀಟ್ ಬಾಡಿ ಕಣಮ್ಮ. ಪಪ್ಪಾಯ ತಿಂದ್ರೆ ಮೂರು ದಿನ ಕಣ್ಣು ಉರೀತೈತೆ. ನೀವು ನೋಡಿದ್ರೆ ಹೀಟನ್ನ ಪಂಪ್ ಹಾಕಿ ತುಂಬ್ತೀನಿ ಅಂತೀರಿ."

"ಬರೀ ಬಿಸಿನೀರು ಕೃಷ್ಣಪ್ಪನೋರೆ."

"ಒಲೆ ನೀರು ಬೇರೆ, ಹೀಟ್ ನೀರು ಬೇರೆ. ಮೆಟ್ಲು ಕೆಳಗೆ ಗೀಸರ್ ಐತಲ್ಲ, ಅದನ್ನೇ ಹಾಕ್ಸಿ."

ಹಿಂದೆ ನಿಂತಿದ್ದ ಗಂಗಾಧರಯ್ಯ ಆಗಲೇ ಪ್ಲಂಬರ್ ರಘುವಿಗೆ ಫೋನ್ ಹಚ್ಚಿದ್ದ. ಗಂಡನ ಮುಖದ ಮೇಲಿನ ಸಂತೋಷ ನೋಡಿ ಶಾಂತಾದೇವಿಗೆ ಮೈಯೆಲ್ಲ ಉರಿದುಹೋಯಿತು. ಹೀಟ್ ಎಂದರೆ ಅದು.

ಅವಳು ಒಂದು ಕುರ್ಚಿ ಎತ್ತಿಕೊಂಡು ಕೃಷ್ಣಪ್ಪನನ್ನು ಹಿತ್ತಲಿಗೆ ಕರೆದೊಯ್ದು, ಮಿಷನ್ನಿನ ಗಾಳಿ ಬರುವ ಕಡೆ ಕೂರಿಸಿದಳು. ಬಿಸಿಯನ್ನೆಲ್ಲ ನೀರಿಗೆ ಕೊಟ್ಟ ಮೇಲೆ ಉಳಿದ ತಣ್ಣನೆ ಗಾಳಿ ಭರ್ರೆಂದು ಅವನ ಮುಖಕ್ಕೆ ಬೀಸಿತು.

"ಇದು ಹೀಟ್ ತುಂಬೋ ಪಂಪಲ್ಲ, ಹೀಟ್ ಎಳ್ಕೊಳ್ಳೋ ಪಂಪು" ಎಂದಳು.

ಕೃಷ್ಣಪ್ಪ ಅಂಗಿಯ ಎರಡು ಗುಂಡಿ ಬಿಚ್ಚಿ ಕಣ್ಣು ಮುಚ್ಚಿದ. "ನನ್ ಹೀಟೂ ಎಳೀತೈತಾ?"

ಶಾಂತಾದೇವಿ ಸುಳ್ಳು ಹೇಳುವವಳಲ್ಲ. ಆದರೆ ನಿಜ ಹೇಳುವ ಹೊತ್ತೂ ಅದಲ್ಲ. "ಕೂತು ನೋಡಿ" ಎಂದಳು.

ಕಾಲು ಗಂಟೆಯ ಮೇಲೆ ಕೃಷ್ಣಪ್ಪ ಎದ್ದು ಅದೇ ನೀರಲ್ಲಿ ದಡಬಡ ಸ್ನಾನ ಮುಗಿಸಿ ಮತ್ತೆ ಬಂದು ಅಲ್ಲೇ ಕುಳಿತ. ಅವನನ್ನು ನೋಡಿ ಉಳಿದವರೂ ಮಿಂದು ಕುರ್ಚಿ ಹೊತ್ತು ತಂದರು. ಹತ್ತು ಗಂಟೆಗೆ ಮಂಟಪದೊಳಗೆ ಹೆಣ್ಣಿನ ಕಡೆಯವರಷ್ಟೇ ಬೆವರುತ್ತಿದ್ದರು. ಕೊನೆಗೆ ಮದುಮಗ ಉದಯಕುಮಾರನೇ ಪೇಟ ಹಿಡಿದುಕೊಂಡು ಹಿತ್ತಲಿಗೆ ಬರಬೇಕಾಯಿತು.

"ದೊಡ್ಡಪ್ಪ, ಮುಹೂರ್ತಕ್ಕೆ ಹೊತ್ತಾಯ್ತು."

"ಆ ಬಾಗ್ಲು ತೆಗೆದಿಟ್ಟಿರಪ್ಪ. ಇಲ್ಲಿಂದ್ಲೇ ಅಕ್ಷತೆ ಹಾಕ್ತೀವಿ."

ಅಷ್ಟರಲ್ಲಿ ಚೀಲ ಹೊತ್ತ ರಘು ಗಂಗಾಧರಯ್ಯನನ್ನು ಹುಡುಕಿಕೊಂಡು ಅಲ್ಲಿಗೇ ಬಂದ. ಕುರ್ಚಿಗಳ ಎರಡನೆಯ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದ ಅವನ ಮುಂದೆ ನಿಂತು, "ಗೀಸರ್ ಯಾವ ರೂಮಿಂದ ಶುರು ಮಾಡ್ಲಿ ಯಜಮಾನ್ರೆ?" ಎಂದು ಕೇಳಿದ.

ಗಂಗಾಧರಯ್ಯ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊ ಮಾರಾಯ" ಎಂದ. "ಗಾಳಿಗೆ ಅಡ್ಡ ಬರ್ತಿದೀಯ."