ಕಡೇ ನುಡಿಯಲ್ಲಿದ್ದ ಹೆಸರು

ಬನಹಟ್ಟಿಯ ಕಾಂಚನಾಳಿಗೆ ಯಲ್ಲಾಲಿಂಗನ ಹಾಡಿನ ಹುಚ್ಚು ಹಿಡಿದದ್ದು ಓಣಿಗೆಲ್ಲ ಗೊತ್ತಿತ್ತು. ಯಲ್ಲಾಲಿಂಗ ಜಮಖಂಡಿ ತಾಲೂಕಿನ ತುಬಚಿ ಕಡೆಯವನು. ಬೀರೇಶ್ವರನ ಗುಡಿಯ ಮುಂದೆ ಗಂಡಸರು ಡೊಳ್ಳು ಬಡಿಯುತ್ತ ಹಾಡುವ ಹಾಡುಗಳಿಗೆ ಅವನು ಕೀಬೋರ್ಡು, ರಿದಮ್ ಪ್ಯಾಡು ಸೇರಿಸಿ ಕ್ಯಾಸೆಟ್ ಮಾಡಿದ. ತೊಂಬತ್ತೊಂಬತ್ತನೇ ಇಸವಿಯ ಹೊತ್ತಿಗೆ ಜಮಖಂಡಿಯಿಂದ ಮುಧೋಳದವರೆಗೆ ಓಡುವ ಟೆಂಪೋಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಅವನದೇ ದನಿ. ಮೇಲಕ್ಕೆ ಹೋದಾಗ ಇನ್ನೇನು ಒಡೆದೇಬಿಟ್ಟಿತು ಅನ್ನಿಸಿ, ಒಡೆಯದೆ ಉಳಿಯುವ ದನಿ ಅದು.

ಕಾಂಚನಾಳ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಗಂಡ ಕಾಶಪ್ಪ ನೇಯುತ್ತಿದ್ದ, ಅವಳು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಮಗ್ಗುಲಲ್ಲಿ ಕೂತವರ ಮಾತೇ ಕೇಳಿಸುತ್ತಿರಲಿಲ್ಲ. ಅವಳು ಮಾತ್ರ ಟೇಪ್‌ರೆಕಾರ್ಡರನ್ನು ಕಿವಿಯ ಹತ್ತಿರದ ಗೂಡಿನಲ್ಲಿ ಇಟ್ಟುಕೊಂಡು ಬೆಳಗಿನಿಂದ ಸಂಜೆತನಕ ಯಲ್ಲಾಲಿಂಗನನ್ನು ಕೇಳುತ್ತಿದ್ದಳು. ಅವನ ಹನ್ನೊಂದು ಕ್ಯಾಸೆಟ್ಟೂ ಅವಳ ಹತ್ತಿರ ಇದ್ದವು.

"ಕರೆಂಟ್ ಹೋದ್ರ ಟೇಪ್ ನಿಲ್ತೈತಿ, ನಿನ್ನ ಬಾಯಿ ನಿಲ್ಲೂದಿಲ್ಲಲ್ಲ ಬೇ" ಎಂದು ಅತ್ತೆ ಭಾಗವ್ವ ಗೊಣಗುತ್ತಿದ್ದಳು.

ಯಲ್ಲಾಲಿಂಗನ ಮೇಲೆ ಸಿಟ್ಟಾದವರೂ ಕಡಿಮೆ ಇರಲಿಲ್ಲ. ದೇವರ ಹಾಡನ್ನು ಸಿನಿಮಾ ಧಾಟಿಗೆ ಇಳಿಸಿದ, ಜೀನ್ಸ್ ಹಾಕಿಕೊಂಡು ಡೊಳ್ಳು ಹೊತ್ತ, ವೇದಿಕೆಯ ಮೇಲೆ ಹಿರಿಯರನ್ನು ಹಂಗಿಸಿದ ಎಂದು ದಿನಕ್ಕೊಂದು ದೂರು. ಓಣಿಯ ಭಜನಾ ಸಂಘದ ಹಿರಿಯ ಗಿರಮಲ್ಲಪ್ಪನಂತೂ ಒಂದು ದಿನ ಚಹಾದಂಗಡಿಗೆ ನುಗ್ಗಿ, ಹಾಡುತ್ತಿದ್ದ ಕ್ಯಾಸೆಟ್ಟನ್ನು ಕಿತ್ತು ತೆಗೆದು, ಎಲ್ಲರ ಎದುರು ಚಪ್ಪಲಿಗಾಲಿನಿಂದ ತುಳಿದು ಪುಡಿ ಮಾಡಿದ.

ಕಾಂಚನಾ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬಂದಳು.

"ಕಾಕಾ, ಆ ಹಾಡು ನಿಮಗ ಏನ ಮಾಡಿತ್ತರಿ?"

"ದೇವರ ಮರ್ಯಾದಿ ಕಳದಾನವ್ವ ಅವಾ."

"ದೇವರಿಗಿ ಸಿಟ್ಟ ಬಂದಿದ್ರ ಅವನ ದನಿ ಕಸಗೋತಿದ್ದ. ಇದು ದೇವರ ಸಿಟ್ಟಲ್ಲರಿ, ನಿಮ್ಮ ಸ್ವಂತದ್ದು."

ಅಂಗಡಿಯಲ್ಲಿದ್ದವರು ನಕ್ಕರು. ಗಿರಮಲ್ಲಪ್ಪ ಮುಖ ಕೆಂಪಗೆ ಮಾಡಿಕೊಂಡು ಹೋದ. ಅವತ್ತಿನಿಂದ ಕಾಂಚನಾಳ ಕಿಟಕಿಯಲ್ಲಿ ಟೇಪಿನ ಸದ್ದು ಇನ್ನೂ ಜೋರಾಯಿತು.

ಮರುವರ್ಷ ಜಮಖಂಡಿಯಲ್ಲಿ ಯಲ್ಲಾಲಿಂಗನ ಕಾರ್ಯಕ್ರಮವಿತ್ತು. ಕಾಶಪ್ಪನನ್ನು ಕಾಡಿ ಬೇಡಿ ಅವಳು ಹೋದಳು. ಅಲ್ಲಿಯೇ ಆ ಹಾಡನ್ನು ಅವಳು ಎದುರಿಗೆ ಕೂತು ಕೇಳಿದ್ದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು ಬಿಟ್ಟುಬಂದವರ ಹಾಡು ಅದು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯದು. ಹಾಡುವ ಮೊದಲು ಯಲ್ಲಾಲಿಂಗ ಮೈಕಿನಲ್ಲಿ ಹೇಳಿದ: "ಅನಗವಾಡಿ ಹತ್ರ ನಮ್ಮವ್ವನ ತವರೂರು. ಅದು ಮುಳುಗಿದಾಗ ದಂಡಿಮ್ಯಾಲ ಕುಂತು ಅಳಕೋಂತ ನಾ ಕಟ್ಟಿದ ಹಾಡಿದು."

ನಾಕು ಸರತಿ ಬಂದಿ ತಾಯಿ, ಹೊಸ್ತಿಲ ಮುಟ್ಟಿ ಹೊಳ್ಳಿದಿ,
ಚೌಕಟ್ಟಿಗಿ ನಾಕು ಗೆರಿ ಎಳದು ನೆಪ್ಪ ಇಟ್ಟು ಹೋಗಿದಿ.
ಐದನೇ ಸರತಿ ಬಂದಿ ತಾಯಿ, ಒಳಗ ಬಂದು ಕುಂತಿ,
ಹೊರಗ ನಿಂತ ನನ್ನ ನೋಡಿ ಯಾರೋ ನೀನು ಅಂತಿ.

ಆಗಲೇ ಹಿಂದಿನಿಂದ ಕಲ್ಲು ಬಂದವು. ಯಾರೋ "ದೇವರ ಹೆಸರ ಕೆಡಿಸ್ಯಾನ, ಇಳಸ್ರಿ ಅವನ್ನ" ಎಂದು ಕೂಗುತ್ತಿದ್ದರು. ಜನ ಎದ್ದು ಓಡಿದರು. ಕಾಂಚನಾ ಕೂತ ಜಾಗ ಬಿಡಲಿಲ್ಲ. ಒಂದು ಕಲ್ಲು ಹುಬ್ಬಿಗೆ ಬಡಿದು ಎರಡು ಹೊಲಿಗೆ ಬಿದ್ದವು. ದವಾಖಾನೆಯಲ್ಲಿ ಕಾಶಪ್ಪ ಬೈದ: "ಅವಗ ನಿನ್ನ ಹೆಸರರೆ ಗೊತ್ತೈತೇನ?" ಅವಳು ಹೇಳಿದಳು: "ನನಗ ಅವರ ಹಾಡ ಗೊತ್ತೈತಲ್ಲರಿ, ಸಾಕು."

ಎರಡು ವರ್ಷ ಕಳೆಯಿತು. ಬೀಳಗಿಯ ಅರಿವೆ ಅಂಗಡಿಯೊಂದಕ್ಕೆ ಕಾಶಪ್ಪ ಸೀರೆ ಮುಟ್ಟಿಸಬೇಕಿತ್ತು. ಕಾಂಚನಾ ಬೆನ್ನು ಹತ್ತಿದಳು. ಅಲ್ಲಿಂದ ಅನಗವಾಡಿ ಕಡೆಯ ಮುಳುಗಡೆಯವರ ಪುನರ್ವಸತಿ ಕೇಂದ್ರ ದೂರವಿಲ್ಲ. ಯಲ್ಲಾಲಿಂಗನ ತಾಯಿಯ ತವರಿನ ಜನ ಅಲ್ಲೇ ಇರಬೇಕು, ಅವರನ್ನು ಒಮ್ಮೆ ಮಾತಾಡಿಸಬೇಕು ಎಂದು ಅವಳ ಆಸೆ. ಗಂಡನನ್ನು ಅಂಗಡಿಯಲ್ಲಿ ಬಿಟ್ಟು ಟೆಂಪೋ ಹತ್ತಿ ಹೋದಳು.

ಒಂದೇ ಅಳತೆಯ ಸೈಟುಗಳು, ಇನ್ನೂ ನೆರಳು ಕೊಡದ ಬೇವಿನ ಗಿಡಗಳು. ಯಲ್ಲಾಲಿಂಗನ ಸೋದರಮಾವಂದಿರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಂಥ ಬೀಗರು ನಮ್ಮ ಊರಾಗ ಇರಲೇ ಇಲ್ಲ ಎಂದರು. ಕಡೆಗೆ ಅವಳು ಹಾಡಿನ ಎರಡು ಸಾಲು ಹೇಳಿದಳು. ನಳದ ಹತ್ತಿರ ನಿಂತ ಹೆಂಗಸೊಬ್ಬಳು ಕೊಡ ಕೆಳಗಿಟ್ಟು, "ಚೌಕಟ್ಟಿನ ಹಾಡೇನ? ಅದು ನಮ್ಮ ಅನಸವ್ವಂದು" ಎಂದು ಕೈ ತೋರಿಸಿದಳು.

ಅನಸವ್ವ ಕುರುಬರ ಮುದುಕಿ. ಮನೆಯ ಕಟ್ಟೆಯ ಮೇಲೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಸಿಮೆಂಟಿನ ಇಟ್ಟಿಗೆಯ ಹೊಸ ಮನೆಗೆ ಕಪ್ಪು ಬಣ್ಣದ ಹಳೆಯ ತೇಗದ ಚೌಕಟ್ಟು. ಹೊಳೆಯ ದಂಡೆಯ ಮನೆ ಬಿಚ್ಚುವಾಗ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದದ್ದು. ಅದರ ಬಲಗಡೆ, ಮೊಳಕಾಲಿನಿಂದ ಎದೆಯ ಮಟ್ಟದವರೆಗೆ, ಉಳಿಯಿಂದ ಕೊರೆದ ನಾಲ್ಕು ಗೆರೆ.

ಕಾಂಚನಾ ಬಾಗಿಲ ಮುಂದೆಯೇ ನಿಂತುಬಿಟ್ಟಳು. ಸಾವಿರ ಸಲ ಕೇಳಿದ್ದರೂ ನಾಕು ಗೆರಿ ಅಂದರೆ ಏನೆಂದು ಅವಳಿಗೆ ತಿಳಿದಿರಲಿಲ್ಲ.

"ಇವು ಏನರಿ ಆಯಿ?"

"ಹೊಳಿ ಬಂದಿದ್ದ ಗುರುತವ್ವ. ನಮ್ಮ ಮಾವ ಎರಡ ಕೊರದಾನ, ನಮ್ಮನಿಯವ್ರು ಎರಡ. ಇಷ್ಟ ತನಕ ಬಂದು ಹೊಳ್ಳಿ ಹೋಗಿದ್ಲು ಕೃಷ್ಣವ್ವ. ಐದನೇದ್ದು ಕೊರಿಯಾಕ ಮನಿ ಉಳೀಲಿಲ್ಲ."

ಹಾಡು ಹೇಳಿ ಎಂದಾಗ ಮುದುಕಿ ನಾಚಲಿಲ್ಲ. ನೂಲುತ್ತಲೇ ಹಾಡಿದಳು. ದನಿ ಸವೆದಿತ್ತು, ಉಸಿರು ಅರ್ಧಕ್ಕೇ ಮುಗಿಯುತ್ತಿತ್ತು. ಆದರೆ ಯಲ್ಲಾಲಿಂಗ 'ಯಾರೋ ನೀನು ಅಂತಿ' ಎಂದ ಕಡೆ ಅವಳು 'ಯಾರ ಬೇ ನೀ ಅಂತಿ' ಅಂದಳು. ಹೊಳೆ ಒಬ್ಬ ಹೆಂಗಸಿಗೆ ಕೇಳುವ ಮಾತು ಅದು. ಕಾಂಚನಾ ಕಟ್ಟೆಯ ಮೇಲೆ ಅವಳ ಹತ್ತಿರ ಸರಿದು ಕೂತಳು. ಆಮೇಲೆ, ಹಾಡಿದವರ ಹೆಸರು ಬರುವ ಕಡೇ ನುಡಿ:

ಹೊಳಿದಂಡಿ ಅನಸವ್ವ ಹಾಡ್ಯಾಳೊ ಬೀರಣ್ಣ, ದಂಡಿ ಇಲ್ಲದ ಕಾಲಕ್ಕ.

ಕ್ಯಾಸೆಟ್ಟಿನಲ್ಲಿ ಅದು 'ತುಬಚಿಯ ಯಲ್ಲಾಲಿಂಗ ಹಾಡ್ಯಾನೊ ಬೀರಣ್ಣ' ಎಂದಿತ್ತು.

"ಇದನ್ನ ಯಾರಿಗರೆ ಕಲಿಸಿದ್ರೇನ?"

"ಊರ ಖಾಲಿ ಮಾಡೂ ಮುಂದ ಒಬ್ಬಾಂವ ಬಂದಿದ್ದ. ಟೇಪ್ ತಂದಿದ್ದ. ಎರಡ ದಿನ ಇದ್ದ, ರೊಟ್ಟಿ ತಿಂದ, ಏಳೆಂಟ ಹಾಡ ಹಿಡಕೊಂಡ. ಆಯಿ, ನಿನ್ನ ಹೆಸರ ನಾಡತುಂಬ ಕೇಳಸ್ತೀನಿ ಅಂದ." ಅನಸವ್ವ ನೂಲುವುದನ್ನು ನಿಲ್ಲಿಸಿದಳು. "ಹ್ವಾದ ವರ್ಷ ಬೀಳಗಿ ಬಸ್ಸಿನಾಗ ನನ್ನ ಹಾಡ ಹತ್ತಿತ್ತು. ಇದು ನನ್ನ ಹಾಡೋ ಯಪ್ಪಾ ಅಂದೆ ಕಂಡಕ್ಟರಗ. ಬಸ್ಸಿಗಿ ಬಸ್ಸ ನಕ್ಕಿತು. ಮುದುಕಿಗಿ ಅರಳುಮರಳ ಅಂದ್ರು. ನನಗ ಅವನ ಕಡಿಂದ ಏನೂ ಬ್ಯಾಡ ಮಗಳ. ಆ ಬಸ್ಸಿನ್ಯಾಗ ನಕ್ಕರಲ್ಲ, ಅವರಿಗಿ ಗೊತ್ತಾಗಬೇಕು."

ಬನಹಟ್ಟಿಗೆ ಮರಳುವ ದಾರಿಯಲ್ಲಿ ಕಾಂಚನಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮನೆಗೆ ಬಂದು ಕ್ಯಾಸೆಟ್ ಹಾಕಿದಳು. ಅದೇ ದನಿ ಮೇಲಕ್ಕೆ ಹೋಯಿತು, ಒಡೆಯದೆ ನಿಂತಿತು, ಅವಳ ಕಣ್ಣಲ್ಲಿ ನೀರು ಬಂತು. ಎಲ್ಲಕ್ಕಿಂತ ಅದಕ್ಕೇ ಅವಳಿಗೆ ಮೈ ಉರಿಯಿತು. ಇಷ್ಟೆಲ್ಲ ಗೊತ್ತಾದ ಮೇಲೂ ಆ ದನಿ ಅವಳನ್ನು ಅಳಿಸುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಮುಧೋಳದಲ್ಲಿ ಯಲ್ಲಾಲಿಂಗನಿಗೆ ಸನ್ಮಾನವೆಂದು ಗೋಡೆಗಳ ಮೇಲೆ ಪೋಸ್ಟರ್ ಬಿದ್ದವು. ಅಷ್ಟರಲ್ಲಿ ಅವನು ಟಿವಿಯಲ್ಲಿ ಬಂದಿದ್ದ. ಪೋಸ್ಟರಿನಲ್ಲಿ ಸ್ವಾಗತ ಸಮಿತಿಯವರ ಹೆಸರುಗಳ ನಡುವೆ ಗಿರಮಲ್ಲಪ್ಪನ ಹೆಸರೂ ಇತ್ತು. ಕ್ಯಾಸೆಟ್ ತುಳಿದ ಅದೇ ಗಿರಮಲ್ಲಪ್ಪ!

ಕಾಂಚನಾ ಮಧ್ಯಾಹ್ನದ ಬಸ್ಸಿಗೇ ಹೋದಳು. ಕಾಶಪ್ಪ, "ಮತ್ತ ಕಲ್ಲ ತಿನ್ನಾಕ ಹೊಂಟಿಯೇನ?" ಎಂದು ಗೊಣಗುತ್ತ ಜೊತೆಗೆ ಬಂದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಯಲ್ಲಾಲಿಂಗ ಚಹಾ ಕುಡಿಯುತ್ತಿದ್ದ. ಹತ್ತಿರದಿಂದ ನೋಡಿದರೆ ಸಣ್ಣ ಆಳು, ದಣಿದ ಕಣ್ಣು.

"ಅಣ್ಣಾವ್ರ, ಜಮಖಂಡಿಯಾಗ ನಿಮ್ಮ ಸಲವಾಗಿ ಕಲ್ಲ ತಿಂದಾಕಿ ನಾನು."

"ಹೌದಾ ತಂಗಿ! ಕೂಡ್ರು, ಚಾ ಕುಡಿ."

"ಚಾ ಬ್ಯಾಡರಿ. ಚೌಕಟ್ಟಿನ ಹಾಡು ಅನಸವ್ವಂದು. ಅಕಿ ಇನ್ನೂ ಅದಾಳ."

ಅವನ ಕೈಯ ಕಪ್ಪು ಒಂದು ಕ್ಷಣ ನಿಂತಿತು. "ಯಾವ ಅನಸವ್ವ?"

"ಎರಡ ದಿನ ನಿಮಗ ರೊಟ್ಟಿ ಬಡದ ಹಾಕಿದಾಕಿ."

ಅವನು ಕಪ್ಪು ಕೆಳಗಿಟ್ಟು ನಕ್ಕ. "ನೋಡ ತಂಗಿ, ಜನಪದ ಅಂದ್ರ ಊರ ಬಾವಿ ಇದ್ದಂಗ. ಯಾರರೆ ಸೇದಬಹುದು."

"ಮತ್ತ ಊರ ಬಾವಿಗಿ ನಿಮ್ಮ ಹೆಸರ ಯಾಕ ಬರಸೀರಿ?"

ನಗು ಹೋಯಿತು. "ನಾ ಹಾಡದಿದ್ರ ಆ ಹಾಡ ಮುದುಕಿ ಕೂಡ ಮಣ್ಣಾಗ ಹೋಗತಿತ್ತು. ಉಳಿಸಿದಾಂವ ನಾನು."

"ಹಾಡ ಉಳಿಸಿ ಹಾಡಿದಾಕಿನ್ನ ಮುಳಗಿಸೀರಿ. ಒಂದ ಸಲ, ಇವತ್ತ ಮೈಕಿನ್ಯಾಗ, ಅಕಿ ಹೆಸರ ಹೇಳ್ರಿ. ನಾ ಮತ್ತೇನೂ ಕೇಳೂದಿಲ್ಲ."

"ಆತು, ನೋಡೂಣು" ಎಂದು ಅವನು ಎದ್ದ. ಹೋಗುವಾಗ ಹೊಸ ಕ್ಯಾಸೆಟ್ಟೊಂದರ ಮೇಲೆ ಸಹಿ ಮಾಡಿ ಅವಳ ಕೈಗೆ ಕೊಡಲು ಬಂದ. ಅವಳು ಕೈ ಚಾಚಲಿಲ್ಲ.

ಗಿರಮಲ್ಲಪ್ಪ ಶಾಲು ಹೊದಿಸಿದ; ನಮ್ಮ ಮಣ್ಣಿನ ಹೆಮ್ಮೆ ಎಂದು ಹತ್ತು ನಿಮಿಷ ಹೊಗಳಿದ. ಆಮೇಲೆ ಯಲ್ಲಾಲಿಂಗ ಹಾಡಿದ. ಕಾಂಚನಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೇಳುತ್ತಾನೆ, ಇಂಥ ದನಿ ಇದ್ದವನು ಹೇಳದೆ ಇರಲಾರ ಎಂದು ಕಡೆಯತನಕ ಅವಳ ಒಂದು ಮನಸ್ಸು ನಂಬಿತ್ತು. ಕಡೇ ನುಡಿ ಬಂತು. ಅವನು ಅವಳತ್ತ ನೋಡಲಿಲ್ಲ.

"ತುಬಚಿಯ ಯಲ್ಲಾಲಿಂಗ ಹಾಡ್ಯಾನೊ..."

ಕಾಂಚನಾ ಎದ್ದು ನಿಂತಳು. ಅವಳದು ಹಾಡುವ ದನಿಯಲ್ಲ. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದ ದನಿ.

"ಹೊಳಿದಂಡಿ ಅನಸವ್ವ ಹಾಡ್ಯಾಳೊ ಬೀರಣ್ಣ! ಅನಸವ್ವ! ಈ ಹಾಡ ಅನಸವ್ವಂದು!"

ಕೀಬೋರ್ಡು ನಿಂತಿತು. ಜನರಲ್ಲಿ ಗದ್ದಲ ಎದ್ದಿತು. "ಕುಂಡ್ರಸ್ರಿ ಅಕಿನ್ನ", "ಹುಚ್ಚಿ ಅದಾಳ", "ಕುಡದಾಳೇನ ನೋಡ್ರಿ." ಗಿರಮಲ್ಲಪ್ಪ ಮೈಕ್ ಹಿಡಿದು, "ಕಲಾವಿದರಿಗೆ ಅವಮಾನ ಆಗಬಾರದು. ಹೆಸರಿನಂಥ ಸಣ್ಣ ಮಾತಿಗಿ ಇಷ್ಟ ದೊಡ್ಡ ರಂಪ ಮಾಡೂದು ಛಲೋ ಅಲ್ಲ ತಂಗಿ" ಎಂದ.

"ಸಣ್ಣ ಮಾತೇನರಿ?" ಅವಳು ವೇದಿಕೆಯತ್ತ ಕೈ ಮಾಡಿದಳು. "ಅವರು ಪ್ಯಾಂಟ್ ಹಾಕಿದ್ದು ನಿಮಗ ದೊಡ್ಡ ಮಾತಾಗಿತ್ತು. ಕೀಬೋರ್ಡ್ ಬಾರಿಸಿದ್ದು ದೊಡ್ಡ ಮಾತಾಗಿತ್ತು, ಅದಕ್ಕ ಕಲ್ಲ ಒಗದ್ರಿ. ಒಬ್ಬ ಮುದುಕಿ ಬಾಯಿಂದ ಅಕಿ ಹೆಸರ ಕಿತ್ಕೊಂಡಿದ್ದು ಸಣ್ಣ ಮಾತಾತು?"

ಸ್ವಯಂಸೇವಕನೊಬ್ಬ ಬಂದು ಅವಳ ರಟ್ಟೆ ಹಿಡಿದು ಎಳೆದ. ಆಗ ಕಾಶಪ್ಪ ಮಂದಿಯನ್ನು ಸೀಳಿಕೊಂಡು ಬಂದ. ನಾಲ್ಕು ವರ್ಷ ಯಲ್ಲಾಲಿಂಗನ ಹೆಸರು ಕೇಳಿದರೆ ಮುಖ ತಿರುವುತ್ತಿದ್ದವನು ಆ ಕೈಯನ್ನು ಕಿತ್ತು ಬದಿಗೆ ಸರಿಸಿದ.

"ಕೈ ತಗೀಲೇ. ಅಕಿ ಖರೆ ಹೇಳಾಕತ್ತಾಳ."

ಇಬ್ಬರನ್ನೂ ಹೊರಗೆ ಹಾಕಿದರು. ಒಳಗೆ ಹಾಡು ಮತ್ತೆ ಮೊದಲಿಂದ ಶುರುವಾಯಿತು. ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಬಸ್ ನಿಲ್ದಾಣದಲ್ಲಿ ಕಾಂಚನಾ ಸಿಟ್ಟಿನಿಂದ ಅತ್ತಿಂದಿತ್ತ ಓಡಾಡುತ್ತಿದ್ದಳು. ಕಾಶಪ್ಪ ನೀರು ತಂದುಕೊಟ್ಟು, "ಇಷ್ಟ ಮಂದಿಯಾಗ ಒಬ್ಬರರೆ ಕೇಳಿರತಾರ ಬಿಡ" ಎಂದ.

ಕೇಳಿದ್ದರು. ಸುದ್ದಿ ಹಬ್ಬಿತು. ಬೀಳಗಿಯ ಕಡೆಯ ಒಂದಿಬ್ಬರು, ಹೌದು, ಅದು ಅನಸವ್ವನ ಹಾಡು ಎಂದು ಪತ್ರಿಕೆಗೆ ಬರೆದರು. ಯಲ್ಲಾಲಿಂಗ ಎಲ್ಲಿಯೂ ಬಾಯಿ ಬಿಡಲಿಲ್ಲ.

ಮರುವರ್ಷ ಚೌಕಟ್ಟಿನ ಹಾಡಿದ್ದ ಕ್ಯಾಸೆಟ್ ಹೊಸ ಮುದ್ರಣವಾಗಿ ಬಂತೆಂದು ಕಾಂಚನಾಳಿಗೆ ಗೊತ್ತಾಯಿತು. ರಬಕವಿಯ ಭೀಮಪ್ಪನ ಕ್ಯಾಸೆಟ್ ಅಂಗಡಿಗೆ ಹೋಗಿ ಒಂದನ್ನು ತಿರುಗಿಸಿ ಓದಿದಳು. ಹಿಂದೆಲ್ಲ ಆ ಹಾಡಿನ ಮುಂದೆ 'ಸಾಹಿತ್ಯ: ಯಲ್ಲಾಲಿಂಗ' ಎಂದಿತ್ತು. ಈಗ 'ಸಾಹಿತ್ಯ: ಜನಪದ' ಎಂದಾಗಿತ್ತು. ಅಂಜಿ ತನ್ನ ಹೆಸರು ತೆಗೆದಿದ್ದ. ಅನಸವ್ವನ ಹೆಸರು ಹಾಕಿರಲಿಲ್ಲ.

"ಅಣ್ಣಾ, ಪೆನ್ ಕೊಡ್ರಿ."

ಭೀಮಪ್ಪ ಕೊಟ್ಟ. ಅವಳು ಕಾಗದ ಹೊರಗೆ ತೆಗೆದು, 'ಜನಪದ' ಎಂಬುದರ ಮೇಲೆ ಗೆರೆ ಹೊಡೆದು, 'ಅನಸವ್ವ, ಹೊಳಿದಂಡಿ' ಎಂದು ಬರೆದಳು. ಎರಡನೆಯದನ್ನು ಎತ್ತಿಕೊಂಡಳು. ಮೂರನೆಯದನ್ನು ಎತ್ತಿಕೊಂಡಾಗ ಭೀಮಪ್ಪ ಎದ್ದು ನಿಂತ.

"ಏ ಏ, ಮಾರೂ ಮಾಲ ಅದು! ಕಂಪನಿಯವ್ರು ಬಂದ್ರ ನಾ ಏನ ಹೇಳ್ಲಿ?"

"ಬನಹಟ್ಟಿಯ ಕಾಂಚನಾ ಬರದಾಳ ಅಂತ ಹೇಳ್ರಿ. ಬಂದು ನನ್ನ ಕೇಳ್ಲಿ."

"ಅನಸವ್ವ ಅಂದ್ರ ಯಾರವ್ವ?"

ಅವಳು ಬರೆಯುತ್ತಲೇ ಹೇಳಿದಳು. ನಾಲ್ಕು ಗೆರೆ ಏನೆಂದು ಹೇಳಿದಳು, ಬಸ್ಸಿನವರು ನಕ್ಕದ್ದನ್ನು ಹೇಳಿದಳು. ಭೀಮಪ್ಪ ಗಲ್ಲಕ್ಕೆ ಕೈಯೂರಿ ಕೇಳಿದ. ಮಾತು ಮುಗಿಯುವ ಹೊತ್ತಿಗೆ ಮುಂದಿನ ಹಲಗೆಯ ಮೇಲಿದ್ದ ಕ್ಯಾಸೆಟ್ಟುಗಳೆಲ್ಲ ಮುಗಿದಿದ್ದವು. ಅವನು ಸ್ಟೂಲ್ ಹತ್ತಿ, ಮೇಲಿನ ಹಲಗೆಯಿಂದ ಅದೇ ಕ್ಯಾಸೆಟ್ಟಿನ ಇನ್ನೊಂದು ಡಬ್ಬಿ ಇಳಿಸಿ ಅವಳ ಮುಂದೆ ಇಟ್ಟ.