ಹೆಬ್ಬೆರಳಿನ ಗುಳಿ

ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಬೇಸ್ ಗಿಟಾರುಗಳಿವೆ. ಒಂದನ್ನೂ ಅಂಗಡಿಯಿಂದ ಇಡಿಯಾಗಿ ತಂದಿಲ್ಲ. ಮೈ ಒಂದು ಕಡೆಯದು, ಕತ್ತು ಇನ್ನೊಂದು ಕಡೆಯದು, ತಂತಿಯ ದನಿ ಹಿಡಿಯುವ ಪಿಕಪ್ಪು ಮತ್ತೆಲ್ಲಿಯದೋ. ಹೊಂದಿಸಿ, ಬೆಸುಗೆ ಹಾಕಿ, ತಿರುಪು ಬಿಗಿದವಳು ನಾನು. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದೇನೆ. ನುಡಿಸಲು ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಹಲ್ಲಿನ ಸೆಟ್ಟು ತಯಾರಿಸುವುದು ನನ್ನ ಕಸುಬು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ, ಗುಳಿ ಕಂಡರೆ ತುಂಬಬೇಕು, ಒರಟು ಕಂಡರೆ ಉಜ್ಜಬೇಕು ಎನ್ನುವಷ್ಟು ನನ್ನ ಕೈ ಕೆಟ್ಟುಹೋಗಿದೆ.

ಗುರುವಾರ ಊಟದ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಅಣ್ಣನ ಬಲಗಿವಿ ಹೋಗಿ ಎರಡು ವರ್ಷವಾಗಿತ್ತು; ಅಚ್ಚಿನ ಯಂತ್ರದ ಪಕ್ಕ ನಿಂತು ದುಡಿದದ್ದಕ್ಕೆ ಸಿಕ್ಕ ಬಹುಮಾನ ಅದು. ಎಡಗಿವಿಯೂ ವರ್ಷದೊಳಗೆ ಹೋಗುತ್ತದೆ ಎಂದು ಡಾಕ್ಟರು ಈಗ ಹೇಳಿದ್ದರಂತೆ. ಅತ್ತಿಗೆ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಭಾನುವಾರ ಬರ್ತಾರೆ. ಅವರ ಗಿಟಾರು ನಿನ್ನ ಹತ್ರ ಇದೆಯಲ್ಲ, ಅದು ಬೇಕಂತೆ. ಬೇರೆ ಯಾವುದೂ ಆಗಲ್ಲವಂತೆ."

ಇದೆ ಎಂದೆ.

ಇದ್ದದ್ದು ನಿಜ, ಐದು ಕಡೆ ಇತ್ತು. ಹನ್ನೆರಡು ವರ್ಷದ ಹಿಂದೆ, ಪಾಳಿಯ ಕೆಲಸ ಶುರುವಾಗಿ ವಾದ್ಯತಂಡ ಬಿಟ್ಟಾಗ, ಅಣ್ಣ ಅದನ್ನು ನನ್ನ ಕೈಗೆ ಕೊಟ್ಟು ಇಟ್ಟುಕೊಂಡಿರು ಎಂದಿದ್ದ. ನಿನಗೇ ಇರಲಿ ಎಂದಿರಲಿಲ್ಲ. ಒಂದು ವರ್ಷ ಮುಟ್ಟಲಿಲ್ಲ. ಆಮೇಲೆ ನನ್ನ ಕರಿಯ ಎಂಬ ಗಿಟಾರಿಗೆ ಒಳ್ಳೆಯ ಪಿಕಪ್ಪು ಬೇಕಾಯಿತು. ಅಣ್ಣ ಹೇಗೂ ಕೇಳುವುದಿಲ್ಲ ಎಂದುಕೊಂಡು ಬಿಚ್ಚಿದೆ. ಒಮ್ಮೆ ಕೈ ಹಾಕಿದ ಮೇಲೆ ನಾಚಿಕೆ ಎಲ್ಲಿಯದು? ಬಿರಡೆಗಳು ದಪ್ಪಕ್ಕನಿಗೆ, ತಂತಿ ಕೂರುವ ಬ್ರಿಜ್ಜು ಗೊಗ್ಗನಿಗೆ, ಕತ್ತು ನನ್ನ ಕಣ್ಮಣಿಯಾದ ಜೇನಿಗೆ ಹೋಯಿತು. ಉಳಿದ ಕೆಂಪು ಮೈಗೆ ಬೇರೆಯದೆಲ್ಲ ಜೋಡಿಸಿ ಕೆಂಪಿ ಎಂದು ಕರೆದೆ.

ಶನಿವಾರ ರಜೆ ಹಾಕಿದೆ. ಕಳುವಾಯಿತು ಎಂದುಬಿಡುವ ಯೋಚನೆ ಬರಲಿಲ್ಲವೆಂದಲ್ಲ. ಆದರೆ ಅಣ್ಣನ ಮುಖ ನೋಡಿಕೊಂಡು ಸುಳ್ಳು ಹೇಳಲು ನನಗೆ ಚಿಕ್ಕಂದಿನಿಂದಲೂ ಬಂದಿಲ್ಲ. ಬೆಳಿಗ್ಗೆ ಎಂಟಕ್ಕೆ ಕುಳಿತು ಐದೂ ಗಿಟಾರುಗಳ ಹೊಟ್ಟೆ ಬಗೆದೆ. ಜೇನಿನ ತಿರುಪು ಬಿಚ್ಚುವಾಗ ಸಂಕಟವಾಯಿತು. ಅದನ್ನು ಹೊಂದಿಸಲು ಎರಡು ವರ್ಷ ಹಿಡಿದಿತ್ತು. ಸಂಜೆ ನಾಲ್ಕಕ್ಕೆ ಅಣ್ಣನ ಗಿಟಾರು ಹಳೆಯ ಫೋಟೋದಲ್ಲಿದ್ದಂತೆಯೇ ಮೇಜಿನ ಮೇಲಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಅಣ್ಣ ಬಂದ. ಗೋಡೆಯ ಮೇಲೆ ಬಾಯಿ ಬಿಟ್ಟುಕೊಂಡು ನೇತಾಡುತ್ತಿದ್ದ ನಾಲ್ಕು ಗಿಟಾರಿನ ಅಸ್ಥಿಪಂಜರಗಳನ್ನು ನೋಡಿದ. ಗಿಟಾರನ್ನು ತೊಡೆಯ ಮೇಲಿಟ್ಟು, ಅದರ ಮೇಲಂಚಿಗೆ ಗದ್ದ ಊರಿ ದಪ್ಪ ತಂತಿ ಮೀಟಿದ. ಈಚೆಗೆ ಕಿವಿಗಿಂತ ದವಡೆಗೇ ಸ್ವರದ ಅದುರು ಚೆನ್ನಾಗಿ ತಿಳಿಯುತ್ತದಂತೆ. ದವಡೆಯ ವಿಷಯ ನನ್ನ ಇಲಾಖೆಯದು, ಒಪ್ಪಿಕೊಂಡೆ. ಅವನ ಮುಖ ಅರಳಿತು.

ಆಮೇಲೆ ಎಡಗೈ ಕತ್ತಿನ ಮೇಲೆ ಜಾರಿ ನಿಂತಿತು. ಹೆಬ್ಬೆರಳು ಕತ್ತಿನ ಹಿಂದೆ ಏನನ್ನೋ ಹುಡುಕುತ್ತಿತ್ತು. ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಮೈ ನಂದೇ," ಎಂದ. "ಕತ್ತು ಬೇರೆ ಯಾರದೋ."

ನನಗೆ ಆಗ ನೆನಪಾಯಿತು. ಅಲ್ಲೊಂದು ಸಣ್ಣ ಗುಳಿ ಇತ್ತು. ಹದಿನೇಳು ವರ್ಷ ಅವನ ಹೆಬ್ಬೆರಳು ಅಲ್ಲೇ ಕೂತು ಕೂತು ಮರ ಸವೆದಿತ್ತು. ಜೇನಿಗೆ ಜೋಡಿಸುವಾಗ ಅದು ನನ್ನ ಕಣ್ಣಿಗೆ ಕುಂದಾಗಿ ಕಂಡಿತ್ತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಕನ್ನಡಿಯಂತೆ ಹೊಳೆಯುವವರೆಗೂ ವಾರ್ನಿಶ್ ಬಳಿದಿದ್ದೆ.

ಅವನ ಎಡಗಿವಿಯ ಹತ್ತಿರ ಬಗ್ಗಿ, ಪಿಕಪ್ಪಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಈ ಕಿವಿನೂ ಹೋದ್ಮೇಲೆ ಕೈ ಎಲ್ಲಿದೆ ಅಂತ ನಂಗೆ ಹೇಳೋಕೆ ಇದ್ದದ್ದು ಅದೊಂದೇ ಅಲ್ವಾ, ಮರಿ," ಎಂದ.

ನನಗೆ ಅಳು ಬಂತು, ನನ್ನ ಮೇಲೆ ಸಿಟ್ಟೂ ಬಂತು. ಸಿಟ್ಟಿನಲ್ಲೇ ಒಂದು ವಿಷಯ ಹೊಳೆಯಿತು: ನಾನು ಗುಳಿಯನ್ನು ತುಂಬಿದ್ದೆ ಅಷ್ಟೇ, ಮರವನ್ನು ಕೆತ್ತಿ ಹಾಕಿರಲಿಲ್ಲ. ಗುಳಿ ಒಳಗೇ ಇರಬೇಕು. ಹಲ್ಲು ಕೆರೆಯುವ ಸಣ್ಣ ಕೊಕ್ಕೆ ತಂದು, ಕತ್ತಿನ ಹಿಂಬದಿಯನ್ನು ಮೇಲೆ ಮಾಡಿ ಹಿಡಿ ಎಂದೆ. ಹುಳುಕು ಹಲ್ಲಿನ ಹಳೆಯ ಸಿಮೆಂಟು ಬಿಡಿಸುವ ಹಾಗೆ ಒಂದೊಂದೇ ಚೂರು ಬಿಡಿಸಿದೆ. ನಡುನಡುವೆ ಅವನು ಹೆಬ್ಬೆರಳಿಟ್ಟು ನೋಡುತ್ತಿದ್ದ, ಇನ್ನೂ ಇಲ್ಲ ಎನ್ನುತ್ತಿದ್ದ. ನನ್ನ ಹೊಳಪಿನ ಮಧ್ಯೆ ಮಾಸಲು ಮಚ್ಚೆಯೊಂದು ಮೂಡಿತು. ನಾಲ್ಕನೆಯ ಸಲ ಹೆಬ್ಬೆರಳು ಅದರಲ್ಲಿ ಕೂತಿತು. ಈ ಸಲ ಅವನು ಅದನ್ನು ಎತ್ತಲಿಲ್ಲ.

"ನನ್ನ ಎಡಗಿವಿ ಮುಚ್ಚು, ಏನೂ ಕೇಳಿಸ್ಬಾರ್ದು," ಎಂದ.

ಹಿಂದೆ ನಿಲ್ಲಬೇಡ, ಎದುರಿಗೇ ನಿಲ್ಲು ಎಂದೂ ಹೇಳಿದ. ಅಂಗೈಯಿಂದ ಅವನ ಕಿವಿಯನ್ನು ಬಿಗಿಯಾಗಿ ಮುಚ್ಚಿದೆ. ಗದ್ದವನ್ನು ಗಿಟಾರಿನಿಂದ ಮೇಲೆತ್ತಿ, ಕಣ್ಣನ್ನು ನನ್ನ ಮುಖದ ಮೇಲೆ ನೆಟ್ಟು, ತಂಡದಲ್ಲಿದ್ದಾಗ ನುಡಿಸುತ್ತಿದ್ದ ಒಂದು ಉದ್ದನೆಯ ನಡೆಯನ್ನು ನುಡಿಸಿದ. ಕೈ ಮೇಲೆ ಹೋಯಿತು, ಗುಳಿಗೆ ಮರಳಿತು, ಮತ್ತೆ ಹೋಯಿತು. ಒಂದೂ ಸ್ವರ ತಪ್ಪಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಅವನಿಗೆ ಕೇಳಿಸಬೇಕಾದರೆ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಸರಿಯೆಂದು ತಲೆಯಾಡಿಸಿದೆ.